ಬೀಜದ ಸೊಸೈಟಿಯ ಅಕ್ಕೋರು

ಅವರ ಹೆಸರನ್ನು ನಾನು ಒಮ್ಮೆ ಬರೆದಿದ್ದೇನೆ, ಆಫೀಸಿನ ಒಂದು ವರದಿಯಲ್ಲಿ. ಅಲ್ಲಿ ಅದನ್ನು ಬರೆಯಬಾರದಿತ್ತು. ಆ ಕಾರಣಕ್ಕೇ ಇಲ್ಲಿ ಬರೆಯುವುದಿಲ್ಲ.

ಊರಿನವರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಇವರು ಕಲಿಸಿದ್ದು ಸಾಲಿಯಲ್ಲಲ್ಲ. ಕುಂದಗೋಳದ ಸ್ಟೇಶನ್ ರಸ್ತೆಯ ಒಂದು ಮಾಳಿಗೆಯ ಮೇಲೆ ಬಹಳ ವರ್ಷ ಟೈಪಿಂಗ್ ಕ್ಲಾಸ್ ನಡೆಸಿದ್ದರು. ಟೈಪ್‌ರೈಟರ್ ಕಲಿಯುವವರು ಇಲ್ಲದಂತಾದ ಮೇಲೆ ಯರಗುಪ್ಪಿಯ ಆಚೆಗಿನ ತಮ್ಮ ಊರಿಗೆ ಹೋಗಿ ಅಲ್ಲಿಯ ಬೀಜದ ಸೊಸೈಟಿಯಲ್ಲಿ ಕಂಪ್ಯೂಟರ್ ಆಪರೇಟರ್ ಆದರು. ಕೆಲಸ ಬದಲಾಯಿತು, ಅಕ್ಕೋರು ಎಂಬುದು ಹಾಗೇ ಉಳಿಯಿತು.

ಆ ಸೊಸೈಟಿಗೆ ಸಾಫ್ಟ್‌ವೇರ್ ಮಾಡಿಕೊಟ್ಟದ್ದು ನಮ್ಮ ಕಂಪನಿ. ಹುಬ್ಬಳ್ಳಿಯ ಹೊರವಲಯದಲ್ಲಿ ಒಂದು ಗ್ಯಾರೇಜಿನ ಮೇಲಿನ ಮಹಡಿಯಲ್ಲಿ ನಾವು ಇಪ್ಪತ್ತು ಜನ ಕೂರುತ್ತಿದ್ದೆವು. ನಾನು ಕುಂದಗೋಳದಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಸುತ್ತಲಿನ ತಾಲೂಕುಗಳ ಸೊಸೈಟಿಗಳಲ್ಲಿ ಬೀಜದ ದಾಸ್ತಾನು, ತೂಕ, ಚೀಲಕ್ಕೆ ಅಂಟಿಸುವ ಚೀಟಿ ಎಲ್ಲವೂ ನಮ್ಮ ಸಿಸ್ಟಮ್ಮಿನಲ್ಲೇ ನಡೆಯುತ್ತಿತ್ತು. ಅದನ್ನು ನಾವು ತುಂಡುತುಂಡಾಗಿ ಕಟ್ಟಿದ್ದೆವು. ತೂಕಕ್ಕೊಂದು ಮಾಡ್ಯೂಲು, ಚೀಟಿಗೊಂದು, ಬೀಜದ ತಳಿಗಳ ಪಟ್ಟಿಗೊಂದು. ಉಳಿದದ್ದನ್ನು ನಿಲ್ಲಿಸದೆ ಒಂದನ್ನು ಬಿಚ್ಚಿ ಅದರ ಜಾಗದಲ್ಲಿ ಹೊಸದನ್ನು ಹಾಕಬಹುದು ಎಂಬುದೇ ಅದರ ಹೆಚ್ಚುಗಾರಿಕೆ. ಹಾಗೆಂದು ನಾವು ಹೋದಲ್ಲೆಲ್ಲ ಹೇಳುತ್ತಿದ್ದೆವು.

ಬೇರೆ ಸೊಸೈಟಿಗಳಿಂದ ಫೋನು ಬಂದರೆ ಒಂದೇ ಮಾತು ಇರುತ್ತಿತ್ತು: ಹ್ಯಾಂಗ್ ಆಗೈತ್ರಿ. ಅಕ್ಕೋರು ಆ ಶಬ್ದ ಬಳಸುತ್ತಿರಲಿಲ್ಲ. ಎಲ್ಲದಕ್ಕೂ ಒಂದೇ ಶಬ್ದ ಹೇಳಿದರೆ ಏನು ತಿಳಿದಂತಾಯಿತು ಎಂಬುದು ಅವರ ತಕರಾರು. ಅವರ ಫೋನು ಹೀಗಿರುತ್ತಿತ್ತು.

"ಸರ್ರ, ನಮಸ್ಕಾರ್ರಿ. ಈಗ ಹನ್ನೊಂದಕ್ಕ ಹತ್ತು ಕಮ್ಮಿ. ಒಂಬತ್ತೂವರಿಗೆ ಚಾಲೂ ಮಾಡೇನ್ರಿ. ಹತ್ತಕ್ಕ ಒಮ್ಮೆ, ಹತ್ತೂ ಇಪ್ಪತ್ತಕ್ಕ ಒಮ್ಮೆ, ಹತ್ತೂವರಿಗೆ ಒಮ್ಮೆ ತಳಿ ಮಾಡ್ಯೂಲ್ ಬಿಚ್ಚಿ ಹಾಕೇನ್ರಿ. ಈಗ ಒಂದು ಚೀಟಿಗೆ ನಾಕು ನಿಮಿಷ ಹಿಡಿಯಾಕತ್ತೈತ್ರಿ."

ನಾನು ರೀಸ್ಟಾರ್ಟ್ ಮಾಡಿ ಎನ್ನುತ್ತಿದ್ದೆ. ಅವರು ಹೌದ್ರಿ, ಮಾಡ್ತೀನ್ರಿ ಎನ್ನುತ್ತಿದ್ದರು. ಸ್ವಲ್ಪ ತಡೆದು, ಮಾಡಿದರೆ ಸರಿ ಹೋಗುತ್ತದೆ, ಆದರೆ ಕಾರಣ ಬೇರೆ ಇದೆ ಎಂದು ಸೇರಿಸುತ್ತಿದ್ದರು. ಆ ಎರಡನೇ ಮಾತನ್ನು ನಾನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವನಂತೆ ಫೋನು ಇಡುತ್ತಿದ್ದೆ. ಹೀಗೇ ಎರಡು ವರ್ಷ ನಡೆಯಿತು.

ಆಫೀಸಿನಲ್ಲಿ ಅವರಿಗೆ ನಾವೊಂದು ಅಡ್ಡಹೆಸರು ಇಟ್ಟಿದ್ದೆವು: ಹನ್ನೊಂದಕ್ಕ ಹತ್ತು ಕಮ್ಮಿ. 'ನಾವು' ಎಂದದ್ದು ಸರಿಯಲ್ಲ, ಇಟ್ಟವನು ನಾನು. ಅವರ ನಂಬರು ಬೆಳಗಿದ ಕೂಡಲೇ ಯಾರಾದರೂ ಗಡಿಯಾರ ನೋಡಿಕೊಳ್ಳುತ್ತಿದ್ದರು, ಎಲ್ಲರೂ ನಗುತ್ತಿದ್ದರು. ನಾನು ಅವರ ಧಾಟಿಯನ್ನು ಅಗದಿ ಚಂದ ಅನುಕರಿಸುತ್ತಿದ್ದೆ. ಒಮ್ಮೆ ಫೋನು ಸರಿಯಾಗಿ ಕಟ್ ಆಗುವ ಮೊದಲೇ ಶುರು ಮಾಡಿಬಿಟ್ಟಿದ್ದೆ. ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಮರುದಿನವೂ ಅದೇ ಸಮಾಧಾನದ ದನಿಯಲ್ಲಿ ಹೊತ್ತು ಹೇಳಿಯೇ ಮಾತು ಶುರು ಮಾಡಿದರು.

ಮುಂಗಾರಿನ ಹೆಸರುಕಾಳಿನ ಬಿತ್ತನೆಯ ಹೊತ್ತಿಗೆ ಸೊಸೈಟಿಯ ಚೇರ್ಮನ್ನರು ನಮ್ಮ ಸಾಹೇಬರಿಗೆ ನೇರವಾಗಿ ಫೋನು ಮಾಡಿದರು. ಯಾರಾದರೂ ಬಂದು ನೋಡದಿದ್ದರೆ ಕರಾರು ಮುರಿಯುವುದಾಗಿ ಹೇಳಿದರಂತೆ. ಸಾಹೇಬರು ನನ್ನನ್ನು ಕಳಿಸಿದರು. ಹೀಗಾಗಿ ನಾನು ಅಕ್ಕೋರನ್ನು ಮೊದಲ ಸಲ ನೋಡಿದೆ.

ಐವತ್ತರ ಆಸುಪಾಸಿನ ಸಣ್ಣ ಆಳು. ಹಣೆಯ ಮೇಲೆ ವಿಭೂತಿ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಚಾಳೀಸು. ಗೋದಾಮಿನ ಒಂದು ಮೂಲೆಗೆ ಗೋಡೆ ಎಬ್ಬಿಸಿ ಮಾಡಿದ ಕೋಣೆ ಅವರ ಆಫೀಸು. ಬೀಜಕ್ಕೆ ಹಚ್ಚುವ ಔಷಧದ ವಾಸನೆ ಅಲ್ಲಿ ಗೋಡೆಗೂ ಹತ್ತಿತ್ತು. ಕೀಬೋರ್ಡಿಗೆ ಖಣದ ಬಟ್ಟೆಯಲ್ಲಿ ಒಂದು ಹೊದಿಕೆ ಹೊಲಿದಿದ್ದರು, ಕೆಂಪು ಅಂಚಿನದು. ಕೆಲಸಕ್ಕೆ ಕೂಡುವಾಗ ಅದನ್ನು ನಾಲ್ಕು ಮಡಿಕೆ ಮಾಡಿ ಡ್ರಾಯರಿನಲ್ಲಿ ಇಡುವರು. ನೀರು ಕುಡಿಯಲು ಎದ್ದರೂ ತೆಗೆದು ಹೊದಿಸಿಯೇ ಏಳುವರು. ಎರೆಮಣ್ಣಿನ ಧೂಳು ಎಲ್ಲಿ ಬೇಕಾದಲ್ಲಿ ಹೋಗುತ್ತದೆ ಎನ್ನುವುದು ಅವರ ಸಮಜಾಯಿಷಿ. ನಾನು ನೋಡಿದ ಸೊಸೈಟಿಗಳಲ್ಲಿ ಐದು ವರ್ಷ ಒಂದೇ ಕೀಬೋರ್ಡು ಬಾಳಿದ್ದು ಅಲ್ಲಿ ಮಾತ್ರ.

ನಾನು ಹೋದ ಕೂಡಲೇ ಮಷೀನು ತೋರಿಸಿ ಎಂದೆ. ಅವರು ಊಟದ ಡಬ್ಬಿ ಬಿಚ್ಚಿದರು. "ಮದ್ಲ ಉಣ್ರಿ. ಮಷೀನು ಎಲ್ಲೂ ಓಡಿ ಹೋಗಂಗಿಲ್ಲ" ಎಂದು ಎರಡು ರೊಟ್ಟಿ, ಶೇಂಗಾ ಚಟ್ನಿ, ಹೆಸರುಕಾಳಿನ ಪಲ್ಯ ನನ್ನ ಮುಂದಿಟ್ಟು ತಮಗೆ ಒಂದು ರೊಟ್ಟಿ ಉಳಿಸಿಕೊಂಡರು. ಉಣ್ಣುತ್ತ ಅವರು ಕೆಲಸ ಮಾಡುವುದನ್ನು ನೋಡುತ್ತ ಕುಳಿತೆ. ಕಿಟಕಿಯಲ್ಲಿ ರೈತರು ಬಂದು ನಿಲ್ಲುತ್ತಿದ್ದರು. ಅಕ್ಕೋರು ರೈತರ ಮುಖ ನೋಡುತ್ತ, ಹೊಲದ ಸುದ್ದಿ ಕೇಳುತ್ತ ಇರುವಾಗ ಕೈಗಳು ತಮ್ಮ ಪಾಡಿಗೆ ಟೈಪು ಮಾಡುತ್ತಿದ್ದವು. ಒಬ್ಬ ಮುದುಕನ ಹೆಬ್ಬೆಟ್ಟಿನ ಗುರುತು ಮಷೀನಿಗೆ ಹತ್ತಲೇ ಇಲ್ಲ. ಮೆಣಸಿನಕಾಯಿ ಬಿಡಿಸಿ ಬಿಡಿಸಿ ಗೆರೆಗಳೆಲ್ಲ ಸವೆದಿದ್ದವು. ಅವರು ಎದ್ದು ಹೋಗಿ ಆತನ ಬೆರಳನ್ನು ತಮ್ಮ ಸೆರಗಿನಿಂದ ಒರೆಸಿ, ಸ್ವಲ್ಪ ಎಣ್ಣೆ ಸವರಿ, ಮತ್ತೆ ಒತ್ತಿಸಿದರು. ಮೂರನೇ ಸಲಕ್ಕೆ ಹತ್ತಿತು. ಆ ಮೂರೂ ಸಲ ಆತನಿಗೆ ಹೊತ್ತಾಗುತ್ತಿದೆ ಎಂದು ಅನಿಸದಂತೆ ಮಾತಾಡಿಸುತ್ತಿದ್ದರು.

ಆಮೇಲೆ ನನಗೆ ತೋರಿಸಿದರು. ತಳಿಯ ಪಟ್ಟಿ ಬದಲಾದಾಗೆಲ್ಲ ಆ ಮಾಡ್ಯೂಲನ್ನು ಬಿಚ್ಚಿ ಹೊಸದನ್ನು ಹಾಕಬೇಕು. ಬಿತ್ತನೆಯ ದಿನಗಳಲ್ಲಿ ಅದು ದಿನಕ್ಕೆ ಐದಾರು ಸಲ. ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲವೂ ಆಗಲಿಲ್ಲ. ಮೂರನೇ ಸಲ ಹಾಕಿ, ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು.

"ಫ್ಯಾನಿನ ಸ್ವರ ಕೇಳ್ರಿ. ಏರಿತು ನೋಡ್ರಿ ಈಗ. ಇನ್ನ ಹತ್ತು ನಿಮಿಷಕ್ಕ ನಿಧಾನ ಆಗತೈತ್ರಿ."

ನನಗೆ ಏನೂ ಕೇಳಿಸಲಿಲ್ಲ. ಅವರ ತಂದೆ ಕುಂದಗೋಳದ ಬೈಠಕ್ಕುಗಳಲ್ಲಿ ಹಾರ್ಮೋನಿಯಂ ಸಾಥ್ ಕೊಡುತ್ತಿದ್ದರಂತೆ. ತಮಗೆ ಕಂಠ ಬರಲಿಲ್ಲ, ಬರೀ ಕಿವಿ ಬಂದವು ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು. ಹತ್ತು ನಿಮಿಷಕ್ಕೆ ಸರಿಯಾಗಿ ಪರದೆಯ ಮೇಲಿನ ಬಾಣ ಅಂಟಿಕೊಂಡಂತಾಯಿತು.

"ನಾವು ಹಳೇದನ್ನ ಬಿಚ್ಚೇವಿ ಅಂತ ತಿಳಕೊಂಡೇವ್ರಿ" ಎಂದರು. "ಹೋದವರು ಹೋಗೇ ಇಲ್ರಿ, ಸರ್ರ. ಎಲ್ಲಾರೂ ಒಳಗ ಕುಂತಾರ."

ಈ ಮಾತಿನ ಬೆಲೆ ಏನೆಂದು ಒಂದು ನಿಮಿಷ ಹೇಳಬೇಕು. ನಾವು ಬರೆಯುವ ಭಾಷೆಯಲ್ಲಿ ಪ್ರೋಗ್ರಾಮಿನ ಒಂದೊಂದು ತುಂಡಿಗೆ ಕ್ಲಾಸ್ ಎನ್ನುತ್ತೇವೆ. ಬೇಕಾದಾಗ ಅದನ್ನು ಹುಡುಕಿ ಮೆಮೊರಿಗೆ ತರುವುದು ಕ್ಲಾಸ್ ಲೋಡರಿನ ಕೆಲಸ. ಪ್ರತಿ ಮಾಡ್ಯೂಲಿಗೂ ತನ್ನದೇ ಲೋಡರು ಇರುತ್ತದೆ. ಮಾಡ್ಯೂಲನ್ನು ಬಿಚ್ಚಿದಾಗ ಲೋಡರೂ ಅದು ತಂದ ಕ್ಲಾಸುಗಳೂ ಮೆಮೊರಿಯಿಂದ ಹೋಗಬೇಕು. ಆದರೆ ಬೇರೆ ಯಾವುದಾದರೂ ಮಾಡ್ಯೂಲು ಆ ಹಳೆಯದರಲ್ಲಿ ಒಂದೇ ಒಂದನ್ನು ಹಿಡಿದುಕೊಂಡಿದ್ದರೂ ಸಾಕು, ಇಡೀ ಲೋಡರು ಹೋಗದೆ ಉಳಿಯುತ್ತದೆ. ಇವನ್ನೆಲ್ಲ ಅಕ್ಕೋರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಲು ಹೋದಾಗ, ಕ್ಲಾಸ್ ಅಂದರೆ ತಮಗೆ ಟೈಪಿಂಗ್ ಕ್ಲಾಸ್ ಅಷ್ಟೇ ಗೊತ್ತು ಎಂದರು. ಅವರು ಫ್ಯಾನು ಕೇಳಿ, ಗಡಿಯಾರ ನೋಡಿ ಅಲ್ಲಿಗೆ ಮುಟ್ಟಿದ್ದರು. ನಾನು ಇದನ್ನೇ ಓದಿ, ಪರೀಕ್ಷೆ ಬರೆದು ಪಾಸಾದವನು, ಎರಡು ವರ್ಷ ರೀಸ್ಟಾರ್ಟ್ ಮಾಡಿ ಎನ್ನುತ್ತ ಕುಳಿತಿದ್ದೆ.

ಅಲ್ಲೇ ಕುಳಿತು ಮೆಮೊರಿಯಲ್ಲಿ ಇದ್ದದ್ದನ್ನೆಲ್ಲ ಒಂದು ಫೈಲಿಗೆ ಇಳಿಸಿಕೊಂಡು ನೋಡಿದೆ. ತಳಿ ಮಾಡ್ಯೂಲಿನ ಲೋಡರುಗಳು ನಾಲ್ಕು ಇದ್ದವು, ಇರಬೇಕಾದದ್ದು ಒಂದು. ತೂಕದ ಮಾಡ್ಯೂಲು ಪ್ರತಿ ಸಲ ಹೊಸ ತಳಿ ಪಟ್ಟಿಯ ಗುರುತು ಇಟ್ಟುಕೊಳ್ಳುತ್ತಿತ್ತು, ಹಳೆಯದನ್ನು ಬಿಡುತ್ತಿರಲಿಲ್ಲ. ತೂಕದ ಮಾಡ್ಯೂಲು ಬರೆದವನು ನಾನೇ.

ಹೊರಡುವ ಮೊದಲು ಅವರು ಒಂದು ಕೆಲಸ ಕೇಳಿದರು. ಆ ಊರಿನಲ್ಲಿ ಹಿಂಗಾರಿಗೆ ತಮ್ಮದೇ ಬಿಳಿಜೋಳದ ಬೀಜ ಬಿತ್ತುವ ರೂಢಿ ಉಳಿದಿತ್ತು. ಒಳ್ಳೆಯ ತೆನೆ ಆರಿಸಿ ಬೀಜ ಮಾಡಿದವರು ಸೊಸೈಟಿಗೆ ತಂದುಕೊಡುತ್ತಿದ್ದರು, ಉಳಿದವರು ಅಲ್ಲಿಂದ ಒಯ್ಯುತ್ತಿದ್ದರು. ನಮ್ಮ ಹೊಸ ಚೀಟಿಯಲ್ಲಿ ಗೆರೆಗಳೂ ನಂಬರೂ ಮಾತ್ರ ಬರುತ್ತಿದ್ದವು. ಹಳೆಯ ಚೀಟಿಯಲ್ಲಿ ಬೆಳೆದವರ ಹೆಸರು, ಹೊಲದ ಹೆಸರು ದೊಡ್ಡ ಕನ್ನಡ ಅಕ್ಷರದಲ್ಲಿ ಬರುತ್ತಿದ್ದವು. ಆ ಹಳೆಯದು ಬೇಕು ಎಂದರು. "ಯಾರ ಹೊಲದ ಬೀಜ ಅಂತ ಚೀಲದ ಮ್ಯಾಲ ಇರಬೇಕ್ರಿ. ನಂಬರ್ ಓದಿ ಯಾರೂ ಬಿತ್ತಂಗಿಲ್ಲ."

ಹಳೆಯ ಚೀಟಿಯ ಮಾಡ್ಯೂಲು ಸಿಸ್ಟಮ್ಮಿನಲ್ಲಿ ಇನ್ನೂ ಇತ್ತು. ಸೆಟ್ಟಿಂಗ್ ಫೈಲಿನಲ್ಲಿ ಅದರ ಕ್ಲಾಸಿನ ಹೆಸರು ಒಂದು ಸಾಲು ಬರೆದರೆ ಸಾಕು, ಚಾಲೂ ಆಗುವಾಗ ಆ ಹೆಸರು ಓದಿ ಅದನ್ನು ಕರೆದುಕೊಳ್ಳುತ್ತದೆ. ನಾನು ಅಕ್ಷರ ಅಕ್ಷರ ಹೇಳಿದೆ, ಅವರು ಬರೆದರು. ನಡುವೆ ಚುಕ್ಕಿ ಎಷ್ಟು ಎಂದು ಕೇಳಿದರು. ನಾಲ್ಕು ಎಂದೆ. ಎಲ್ಲವನ್ನೂ ತಿರುಗಿ ಓದಿ ಒಪ್ಪಿಸಿದರು, ಒಂದೂ ತಪ್ಪಿರಲಿಲ್ಲ. ಆಮೇಲೆ ಕೇಳಿದರು, ಈ ಹೆಸರು ಇಲ್ಲಿರುವ ತನಕ ಅದು ಅಲ್ಲಿ ಇರಲೇಬೇಕಲ್ಲವೇ ಎಂದು. ಹೌದು ಎಂದೆ.

"ಹಂಗಾದ್ರ ಅದನ್ನ ತಗಿಯೂ ಮುಂಚೆ ನಮ್ಮನ್ನ ಒಂದ್ ಮಾತು ಕೇಳ್ರಿ."

ಕೇಳುವುದಾಗಿ ಹೇಳಿ ಬಸ್ಸು ಹತ್ತಿದೆ.

ಹೋಗಬೇಕಾದದ್ದು ಹೋಗದೆ ಮೆಮೊರಿ ತುಂಬುವುದಕ್ಕೆ ನಾವು ಸೋರಿಕೆ ಎನ್ನುತ್ತೇವೆ. ಅದನ್ನು ಮೂರು ದಿನದಲ್ಲಿ ಸರಿಪಡಿಸಿದೆ. ಎಲ್ಲ ಸೊಸೈಟಿಗಳ ಸಿಸ್ಟಮ್ಮೂ ಹಗುರಾಯಿತು. ಸಾಹೇಬರು ಇಡೀ ಆಫೀಸನ್ನು ಕೂಡಿಸಿ ನನ್ನಿಂದ ಭಾಷಣ ಮಾಡಿಸಿದರು. ಗೋಡೆಯ ಮೇಲೆ ನಾಲ್ಕು ಲೋಡರುಗಳ ಚಿತ್ರ ತೋರಿಸಿ, ಹೋದವರು ಹೋಗಿಲ್ಲ, ಒಳಗೇ ಕುಳಿತಿದ್ದಾರೆ ಎಂದೆ. ಎಲ್ಲರೂ ಮೆಚ್ಚಿದರು. ಇದರ ಸುಳಿವು ಹೇಗೆ ಹತ್ತಿತು ಎಂದು ಒಬ್ಬರು ಕೇಳಿದರು. ಅನುಭವ ಎಂದೆ. ಆ ಒಂದು ಶಬ್ದ ಎಷ್ಟು ಸಲೀಸಾಗಿ ಬಂತೆಂದರೆ, ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ನನಗೆ ಅನಿಸಲೂ ಇಲ್ಲ.

ಅದರಿಂದ ನನಗೆ ಬಡ್ತಿ ಸಿಕ್ಕಿತು. ಸಿಸ್ಟಮ್ಮಿನಲ್ಲಿ ಬೇಡವಾಗಿ ಉಳಿದದ್ದನ್ನೆಲ್ಲ ತೆಗೆಯುವ ಕೆಲಸ ನನ್ನ ಕೈಗೆ ಬಂತು. ಯಾವ ಮಾಡ್ಯೂಲು ಯಾವುದರ ಮೇಲೆ ನಿಂತಿದೆ ಎಂದು ಹುಡುಕುವ ಒಂದು ಟೂಲ್ ಇತ್ತು. ಯಾರೂ ಆಶ್ರಯಿಸದ ಮಾಡ್ಯೂಲುಗಳ ಪಟ್ಟಿಯನ್ನು ಅದು ಕೊಡುತ್ತಿತ್ತು. ಅದು ಓದುತ್ತಿದ್ದದ್ದು ನಾವು ಬರೆದ ಕೋಡನ್ನು ಮಾತ್ರ. ಯಾವುದೋ ಊರಿನ ಸೆಟ್ಟಿಂಗ್ ಫೈಲಿನಲ್ಲಿ ಬರೆದ ಹೆಸರು ಅದಕ್ಕೆ ಕಾಣುತ್ತಿರಲಿಲ್ಲ. ಇದು ನನಗೆ ಗೊತ್ತಿತ್ತು. ಹಳೆಯ ಚೀಟಿಯ ಮಾಡ್ಯೂಲು ಪಟ್ಟಿಯಲ್ಲಿ ಬಂದಾಗ ಕೈ ಒಂದು ಗಳಿಗೆ ನಿಂತಿತು. ಅಕ್ಕೋರಿಗೆ ಫೋನು ಮಾಡಬೇಕು ಅನಿಸಿತು. ಮಾಡಿದರೆ ಅವರು ಹೊತ್ತು, ನಿಮಿಷ ಎಲ್ಲ ಹೇಳುತ್ತ ಅರ್ಧ ತಾಸು ಹಿಡಿಯುತ್ತಾರೆ ಎಂದುಕೊಂಡೆ. ಅವತ್ತು ಸಂಜೆಯೊಳಗೆ ಪಟ್ಟಿ ಮುಗಿಸಬೇಕಿತ್ತು. ಅಳಿಸಿದೆ.

ಹಸ್ತ ಮಳೆ ಬಿದ್ದು ಎರಡು ದಿನ ಬಿಸಿಲಾಗಿತ್ತು. ಎರೆ ಹೊಲದ ಹದ ಉಳಿಯುವುದು ನಾಲ್ಕು ದಿನ ಮಾತ್ರ. ಅದಕ್ಕೆ ಮೊದಲು ಕಾಲಿಟ್ಟರೆ ಹೂತುಹೋಗುತ್ತದೆ, ತಡವಾದರೆ ಬಿರಿಯುತ್ತದೆ. ಆ ಊರಿನವರು ಜೋಳದ ಬೀಜಕ್ಕೆ ಬೆಳಿಗ್ಗೆ ಏಳಕ್ಕೇ ಸಾಲು ಹಚ್ಚಿದ್ದರು. ಹಿಂದಿನ ಸಂಜೆ ನಮ್ಮ ಹೊಸ ಅಪ್‌ಡೇಟು ಎಲ್ಲ ಸೊಸೈಟಿಗಳಿಗೂ ಹೋಗಿತ್ತು. ಅಕ್ಕೋರು ಮಷೀನು ಚಾಲೂ ಮಾಡಿದರು. ಅದು ಮೇಲೆ ಏಳಲಿಲ್ಲ.

ಅವರು ಫೋನು ಮಾಡಿದಾಗ ನಾನು ರೈಲಿನಲ್ಲಿದ್ದೆ. ಪರದೆಯ ಮೇಲೆ ಬಂದ ಸಾಲನ್ನು ಅಕ್ಷರ ಅಕ್ಷರವಾಗಿ ಓದಿದರು. ಕ್ಲಾಸ್ ಸಿಗಲಿಲ್ಲ ಎಂದಿತ್ತು, ಮುಂದೆ ನಾಲ್ಕು ಚುಕ್ಕಿಗಳ ಆ ಹೆಸರು. ಅದು ಸಿಗದೆ ಚೀಟಿಯ ಭಾಗ ನಿಂತಿತ್ತು, ಚೀಟಿಯ ಭಾಗ ಇಲ್ಲದೆ ತೂಕದ ಭಾಗವೂ ನಿಂತಿತ್ತು. ರೈಲು ಹುಬ್ಬಳ್ಳಿ ಮುಟ್ಟುವ ಮೊದಲೇ ನನಗೆ ಎಲ್ಲ ತಿಳಿದಿತ್ತು.

ಆ ಮಾಡ್ಯೂಲನ್ನು ತಿರುಗಿ ಸೇರಿಸಿ ಕಳಿಸಬಹುದಿತ್ತು. ಅರ್ಧ ತಾಸಿನ ಕೆಲಸ. ಆದರೆ ಕಳಿಸಬೇಕಾದರೆ ಯಾಕೆ ತೆಗೆದೆ, ಯಾಕೆ ಮತ್ತೆ ಸೇರಿಸಿದೆ ಎಂದು ಬರೆದು ಸಾಹೇಬರ ಒಪ್ಪಿಗೆ ಪಡೆಯಬೇಕಿತ್ತು. ಅದನ್ನು ತಪ್ಪಿಸುವ ಲೆಕ್ಕದಲ್ಲೇ ಬೆಳಗು ಕಳೆದು, ಕೊನೆಗೆ ನಾನು ಅಕ್ಕೋರಿಗೆ ಫೋನು ಮಾಡಿ ಸೆಟ್ಟಿಂಗ್ ಫೈಲಿನ ಆ ಸಾಲನ್ನು ಅಳಿಸಲು ಹೇಳಿದೆ. ಅಳಿಸಿದರೆ ಹಳೆಯ ಚೀಟಿ ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದೆ. ಮತ್ತೆ ಹೇಗೆ ಎಂದರು. ಮೊದಲು ಸಿಸ್ಟಮ್ ಚಾಲೂ ಆಗಲಿ ಎಂದೆ. ಹಿಂದೆ ಜನರ ಕೂಗು ಕೇಳಿಸುತ್ತಿತ್ತು. ಅವರು ಹೌದ್ರಿ ಎಂದು ಅಳಿಸಿದರು.

ಆ ಹೊತ್ತಿಗಾಗಲೇ ಮಧ್ಯಾಹ್ನವಾಗಿತ್ತು. ಅರ್ಧ ಜನ ಬೈದು ಹೋಗಿದ್ದರು. ಉಳಿದವರಿಗೆ ಅಕ್ಕೋರು ಪ್ರತಿ ಚೀಲಕ್ಕೂ ಕೈಯಿಂದ ಹೆಸರು ಬರೆದು ಕೊಡತೊಡಗಿದರಂತೆ. ಕಾಯಲಾರದವರು ಚೀಟಿ ಇಲ್ಲದ ಚೀಲಗಳನ್ನು ಎಳೆದುಕೊಂಡು ಹೋದರು. ಯಾರ ಬೀಜ ಯಾರ ಹೊಲಕ್ಕೆ ಹೋಯಿತೋ ತಿಳಿಯದಾಯಿತು. ಆ ಊರಿನಲ್ಲಿ ಆರಿಸಿ ಆರಿಸಿ ಉಳಿಸಿಕೊಂಡು ಬಂದ ಬೀಜ ಆ ಒಂದು ದಿನ ಕಲಬೆರಕೆ ಆಯಿತು.

ಸಂಜೆ ಚೇರ್ಮನ್ನರು ನನಗೇ ಫೋನು ಮಾಡಿದರು. ತಪ್ಪು ಯಾರದು ಎಂದು ನೇರ ಕೇಳಿದರು.

"ನಿಮ್ಮ ಕಡಿ ಸೆಟ್ಟಿಂಗ್ ಫೈಲಿನಾಗ ಯಾರೋ ಒಂದು ಹಳೇ ಹೆಸರು ಬರದಿದ್ರರಿ. ಅದು ಇರಬಾರದಿತ್ತು" ಎಂದೆ.

"ಯಾರೋ ಅಂದ್ರ? ಇಲ್ಲಿ ಕಂಪ್ಯೂಟರ್ ಮುಟ್ಟಾಕಿ ಆಕಿ ಒಬ್ಬಾಕಿನ."

ಇನ್ನ ಹಂಗ ಆಗದಂಗ ನೋಡ್ತೇನ್ರಿ ಎಂದು ಫೋನು ಇಟ್ಟೆ. ಹೇಳಿದ ಮಾತಿನಲ್ಲಿ ಸುಳ್ಳು ಒಂದೂ ಇರಲಿಲ್ಲ ಎಂದು ಆ ವಾರವಿಡೀ ನನಗೆ ನಾನೇ ಹೇಳಿಕೊಂಡೆ. ಮರುದಿನ ವರದಿ ಬರೆಯುವಾಗ, ಬಳಕೆದಾರರ ಕಡೆಯಿಂದ ಅನಧಿಕೃತ ಬದಲಾವಣೆ ಎಂದು ಬರೆದೆ. ಬದಲಾವಣೆ ಮಾಡಿದವರು ಎಂಬ ಒಂದು ಖಾನೆ ಇತ್ತು. ಅದನ್ನು ಖಾಲಿ ಬಿಡಬಹುದಿತ್ತು. ಅವರ ಹೆಸರು ಬರೆದೆ, ಇನಿಶಿಯಲ್ಲು ಸಮೇತ. ಕೆಳಗೆ ಸಹಿ ಮಾಡಿದೆ.

ಅವರನ್ನು ಕಂಪ್ಯೂಟರಿನಿಂದ ತೆಗೆದು ಗೋದಾಮಿನಲ್ಲಿ ಖಾಲಿ ಗೋಣಿಚೀಲ ಎಣಿಸಿ ಕಟ್ಟುವ ಕೆಲಸಕ್ಕೆ ಹಾಕಿದರು. ಕೀಬೋರ್ಡಿನ ಮುಂದೆ ಚೇರ್ಮನ್ನರ ಸಂಬಂಧಿಕರೊಬ್ಬರು ಬಂದು ಕೂತರು. ಅವರು ಫೋನು ಮಾಡಿದಾಗ ಹ್ಯಾಂಗ್ ಆಗೈತ್ರಿ ಎನ್ನುತ್ತಿದ್ದರು, ನನಗೆ ಹಾಯೆನಿಸುತ್ತಿತ್ತು.

ತಿಂಗಳ ಮೇಲೆ ಒಂದು ದಿನ ಅಕ್ಕೋರ ಫೋನು ಬಂತು, ಅವರ ಸ್ವಂತ ನಂಬರಿನಿಂದ. ಹೊತ್ತು ಹೇಳಲಿಲ್ಲ.

"ಸರ್ರ, ಆ ಹೆಸರು ನೀವ ಬರಸಿದ್ರಿ. ಹೆಸರು ಕಾಳಿನ ಬಿತ್ತಿಗಿ ಟೈಮಿನಾಗ ಬಂದಾಗ. ನಾ ಯಾರ ಮುಂದೂ ಅಂದಿಲ್ರಿ. ನಿಮಗ ನೆನಪೈತೋ ಇಲ್ಲೋ, ಅಷ್ಟ ಕೇಳಬೇಕಾಗಿತ್ತು."

ನಾನು ಆಗ ಆಫೀಸಿನಲ್ಲಿದ್ದೆ. ಬಾಜು ಇಬ್ಬರು ಕುಳಿತಿದ್ದರು. ಅವರಿಗೆ ಕೇಳಿಸುವಂತಿರಲಿಲ್ಲ, ಆದರೂ ಅವರ ಕಡೆ ಒಮ್ಮೆ ನೋಡಿದೆ.

"ನೆನಪಿಲ್ರಿ, ಅಕ್ಕೋರ" ಎಂದೆ.

ಇರಲಿ, ಬಹಳ ಊರು ತಿರುಗುತ್ತೀರಿ, ಎಲ್ಲಾ ಎಲ್ಲಿ ನೆನಪಿರುತ್ತದೆ ಎಂದು ಹೇಳಿ ಅವರೇ ಫೋನು ಇಟ್ಟರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ನನಗೊಂದು ದಾರಿ ಮಾಡಿಕೊಟ್ಟು ಹೋದಂತಿತ್ತು. ನಾನು ಆ ದಾರಿ ಹಿಡಿದು ಆರಾಮಾಗಿ ನಡೆದೆ. ಎಂಟು ತಿಂಗಳಿಗೆ ಅವರು ಸೊಸೈಟಿ ಬಿಟ್ಟರು ಎಂದು ಕೇಳಿದೆ. ಶಲವಡಿಯಲ್ಲಿ ತಂಗಿಯ ಮನೆಗೆ ಹೋದರಂತೆ.

ಅದಾದ ಎರಡು ವರ್ಷಕ್ಕೆ ನಾನು ಹೊಸಬರಿಗೆ ತರಬೇತಿ ಕೊಡುತ್ತಿದ್ದೆ. ಸೋರಿಕೆಯ ಕತೆ ನನ್ನ ಕಾಯಂ ಪಾಠ. ಪಾಠ ಮುಗಿಸಿ ಚಹಾ ಕುಡಿದು ಬರುವಷ್ಟರಲ್ಲಿ ಒಬ್ಬಳು ಬೋರ್ಡಿನ ಮೇಲೆ ದೊಡ್ಡದಾಗಿ "ಹೋದವರು ಹೋಗೇ ಇಲ್ಲ" ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದ್ದಳು. ಮೆಚ್ಚಿ ಬರೆದದ್ದು. ಡಸ್ಟರು ತೆಗೆದುಕೊಂಡು ನನ್ನ ಹೆಸರನ್ನು ಅಳಿಸಿದೆ. ಯಾಕೆ ಸರ್ ಎಂದು ಅವಳು ಕೇಳಿದಾಗ ಮುಂದಿನ ಪಾಠ ಶುರು ಮಾಡಿದೆ. ಆ ರವಿವಾರ ಶಲವಡಿಗೆ ಹೋದೆ.

ಅವರು ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. ಬಹಳ ಸೊರಗಿದ್ದರು. ದನಿ ಕೇಳಿಯೇ ಗುರುತು ಹಿಡಿದರು. ತಂಗಿಯನ್ನು ಕರೆದು ನನಗೆ ಊಟಕ್ಕೆ ಹಾಕಿಸಿದರು. ನಾನು ಹೇಳಲು ಬಂದದ್ದನ್ನು ಉಣ್ಣುವ ತನಕ ಹೇಳಗೊಡಲಿಲ್ಲ. ಆಮೇಲೆ ಎಲ್ಲ ಹೇಳಿದೆ. ಪಟ್ಟಿ, ಅಳಿಸಿದ್ದು, ಚೇರ್ಮನ್ನರ ಫೋನು, ವರದಿಯ ಖಾನೆ, ನೆನಪಿಲ್ಲ ಎಂದದ್ದು. ಅಡ್ಡಹೆಸರನ್ನೂ ಹೇಳಿದೆ. ಅದು ತಮಗೆ ಗೊತ್ತಿತ್ತು ಎಂದರು. ನಾನು ಕ್ಷಮೆ ಕೇಳಿದೆ. ಅವರು ಬೇಳೆಯಲ್ಲಿ ಸಿಕ್ಕ ಒಂದು ಹರಳನ್ನು ಆರಿಸಿ ಪಕ್ಕಕ್ಕಿಟ್ಟರು.

"ನನಗ ಹೇಳಿ ಏನ ಮಾಡ್ತೀರಿ, ಸರ್ರ? ನನಗ ಅವತ್ತ ಗೊತ್ತಿತ್ತು. ಗೊತ್ತಿಲ್ಲದವರು ಊರಾಗ ಅದಾರ. ಅವರಿಗೆ ಹೇಳ್ರಿ."

"ಹೇಳ್ತೀನ್ರಿ."

"ಯಾವಾಗ?"

ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಎಂದೆ. ಅದು ಮುಂದಿನ ತಿಂಗಳ ಎಷ್ಟನೇ ತಾರೀಕು, ಎಷ್ಟು ಗಂಟೆಗೆ ಎಂಬುದು ಅವರಿಗೆ ಗೊತ್ತಿತ್ತು. ಹೇಳಿದರು. ನನ್ನಿಂದ ತಿರುಗಿ ಹೇಳಿಸಿದರು.

ಆ ದಿನ ಬಂತು. ಬೆಳಿಗ್ಗೆ ಮನೆಯಿಂದ ಹೊರಟೆ. ಕುಂದಗೋಳದ ಬಸ್‌ಸ್ಟ್ಯಾಂಡಿನಲ್ಲಿ ಯರಗುಪ್ಪಿಯ ಬಸ್ಸು ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ನಾನು ಅದರ ಬಾಗಿಲ ತನಕ ಹೋಗಿ, ಹತ್ತದೆ, ಸ್ಟೇಶನ್ನಿಗೆ ನಡೆದು ಹುಬ್ಬಳ್ಳಿಯ ರೈಲು ಹಿಡಿದೆ. ಆಫೀಸಿನಲ್ಲಿ ಅವತ್ತು ನನಗೆ ಯಾವ ಕೆಲಸವೂ ಇರಲಿಲ್ಲ.

ಆ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಎದೆನೋವು ಎಂದು ಹುಬ್ಬಳ್ಳಿಗೆ ತರುವ ದಾರಿಯಲ್ಲಿಯೇ ಹೋದರಂತೆ. ನನಗೆ ತಿಳಿಯುವಷ್ಟರಲ್ಲಿ ಹದಿನೈದು ದಿನ ಆಗಿತ್ತು. ಸೊಸೈಟಿಯ ಹೊಸ ಆಪರೇಟರು ಬೇರೇನೋ ಕೆಲಸಕ್ಕೆ ಫೋನು ಮಾಡಿದವರು, ನಡುವೆ ಹೇಳಿದರು.

ಮುಂದಿನ ವಾರ್ಷಿಕ ಸಭೆಗೆ ಹೋದೆ. ಗೋದಾಮಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಕಂಪನಿಯ ಸಾಹೇಬರು ಬಂದಿದ್ದಾರೆ ಎಂದು ಚೇರ್ಮನ್ನರು ನನ್ನನ್ನು ವೇದಿಕೆಯ ಮೇಲೆ ಕೂಡಿಸಿ ಶಾಲು ಹೊದಿಸಿದರು. ಆ ಶಾಲು ಹೆಗಲ ಮೇಲಿರುವಾಗಲೇ ಮೈಕಿನ ಮುಂದೆ ನಿಂತು ಹೇಳಿದೆ. ನಾಲ್ಕು ವರ್ಷದ ಹಿಂದೆ ಜೋಳದ ಬೀಜದ ದಿನ ಸಿಸ್ಟಮ್ ನಿಂತದ್ದು ನನ್ನ ತಪ್ಪಿನಿಂದ, ಅಕ್ಕೋರ ತಪ್ಪು ಅದರಲ್ಲಿ ಏನೂ ಇರಲಿಲ್ಲ, ಅವರು ಬರೆದ ಸಾಲು ನಾನೇ ಹೇಳಿ ಬರೆಸಿದ್ದು, ನಾನು ಅದನ್ನು ಮುಚ್ಚಿಟ್ಟೆ. ಇಷ್ಟೇ. ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ. ಚೇರ್ಮನ್ನರು ಗಂಟಲು ಸರಿಪಡಿಸಿಕೊಂಡು, ಆದದ್ದು ಆಗಿಹೋಯಿತು ಎಂದು ಹೇಳಿ ಮುಂದಿನ ವಿಷಯಕ್ಕೆ ಹೋದರು. ಗೊಬ್ಬರದ ವಿಷಯ ಬಂದಾಗ ಸಭೆಯಲ್ಲಿ ಗದ್ದಲ ಎದ್ದಿತು.

ಆಫೀಸಿನಲ್ಲಿಯೂ ವರದಿಯನ್ನು ತಿದ್ದಿ ಬರೆದು ಕೊಟ್ಟೆ. ಸಾಹೇಬರು ಓದಿ, ಈಗ ಇದರ ಅಗತ್ಯವೇನಿತ್ತು ಎಂದು ಕೇಳಿ ಫೈಲಿಗೆ ಹಾಕಿಸಿದರು. ನನ್ನ ಕೆಲಸಕ್ಕೆ ಏನೂ ಆಗಲಿಲ್ಲ. ಇಷ್ಟು ವರ್ಷ ಹೆದರಿದ್ದು ಇದಕ್ಕೇ ಎಂಬುದು ಎಲ್ಲಕ್ಕಿಂತ ಹೆಚ್ಚು ನಾಚಿಕೆಯ ಮಾತು.

ಸಭೆ ಮುಗಿದ ಮೇಲೆ ಬಸ್ಸಿಗೆ ನಿಂತಿದ್ದೆ. ಅರವತ್ತರ ಒಬ್ಬ ಹೆಂಗಸು ಸಂತೆಚೀಲ ಹಿಡಿದು ಬಂದು ಎದುರು ನಿಂತಳು. ಆ ದಿನ ಸಾಲಿನಲ್ಲಿ ತಾನೂ ಇದ್ದೆ ಎಂದಳು. ಅಕ್ಕೋರ ಕೈಯಿಂದ ಚೀಲ ಕಸಿದುಕೊಂಡು, ಆಡಬಾರದ ಮಾತು ಆಡಿ ಹೋಗಿದ್ದಳಂತೆ. ಮರುವಾರ ಮಠದಲ್ಲಿ ಸಿಕ್ಕಾಗ ಅಕ್ಕೋರೇ ಮೊದಲು ಮಾತಾಡಿಸಿ, ಬೀಜ ಹುಟ್ಟಿತೇ ಎಂದು ಕೇಳಿದರಂತೆ. ಹೇಳುತ್ತ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಿಮಗರೇ ಸಿಕ್ಕಿದ್ರೇನು ಆಮ್ಯಾಲ?" ಎಂದು ಕೇಳಿದಳು.

ಸಿಕ್ಕಿದ್ದರು, ಮನೆಗೆ ಹೋಗಿದ್ದೆ ಎಂದೆ.

"ಏನಂದ್ರು?"

ಊರಿನವರಿಗೆ ಹೇಳು ಅಂದರು ಎಂದೆ.

"ಯಾವಾಗ ಅಂದಿದ್ರು?"

"ಹ್ವಾದ ವರ್ಷ ಅಂದಿದ್ರಬೇ."

"ಆಗ ಇದ್ರಲ್ಲ ಅವರು. ಮತ್ತ ಯಾಕ ಬರಲಿಲ್ಲ?"

ಬೈಯುವ ದನಿ ಅಲ್ಲ. ತಿಳಿಯದೆ ಕೇಳಿದ್ದು. ಉತ್ತರ ಬರುತ್ತದೆಂದು ಆಕೆ ನನ್ನ ಮುಖ ನೋಡುತ್ತ ನಿಂತಳು. ಬಸ್ಸು ಬಂದು, ನಿಂತು, ಜನರನ್ನು ಹತ್ತಿಸಿಕೊಂಡು ಹೋಯಿತು. ಆಮೇಲೆ ಚೀಲವನ್ನು ತಲೆಯ ಮೇಲೆ ಇಟ್ಟುಕೊಂಡು ಮನೆಯ ಕಡೆ ನಡೆದಳು.